ಕೈಗೆ ಕೆಲಸ ಮರಳಿಸುವ ವಿದ್ಯೆ

ಕಲಬುರಗಿಯಿಂದ ಆಳಂದದ ದಾರಿ ಹಿಡಿದವರಿಗೆ ಎರಡು ಬದಿಗೂ ಕಾಣುವುದು ಕರಿಯ ಎರೆಭೂಮಿ. ಮಳೆಗಾಲ ಕಳೆದ ಮೇಲೆ ಆ ಕರಿನೆಲದ ಮೇಲೆ ತೊಗರಿಯ ಹಳದಿ ಹೂವು ಕಣ್ಣು ಹರಿದಷ್ಟು ದೂರ ಹರಡಿಕೊಂಡಿರುತ್ತದೆ. ಆಳಂದವನ್ನು ಮುಟ್ಟುವುದಕ್ಕೆ ಮುಂಚೆಯೇ ಕಡಗಂಚಿ ಎಂಬ ಗ್ರಾಮ ಸಿಕ್ಕುತ್ತದೆ. ಹಳೆಯ ತಲೆಮಾರಿನವರಿಗೆ ಅದು ದತ್ತ ಸಂಪ್ರದಾಯದ ಊರು. ಮರಾಠಿಯಲ್ಲಿ ಗುರುಚರಿತ್ರೆಯನ್ನು ಬರೆದ ಸರಸ್ವತೀ ಗಂಗಾಧರನ ಪೂರ್ವಿಕನಾದ ಸಾಯಂದೇವನು ಅಲ್ಲಿಯವನೆಂದು ಭಕ್ತರ ನಂಬುಗೆ. ಹೊಸ ತಲೆಮಾರಿನವರಿಗೆ ಅದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಊರು. ಸಂಸತ್ತಿನ ಕಾಯಿದೆಯಿಂದ 2009ರಲ್ಲಿ ಹುಟ್ಟಿದ ಈ ವಿದ್ಯಾಸಂಸ್ಥೆ, ಜೋಳ ತೊಗರಿಗಳ ಹೊಲಗಳ ನಡುವೆ ತನ್ನ ದೊಡ್ಡ ಕಟ್ಟಡಗಳನ್ನು ಎಬ್ಬಿಸಿಕೊಂಡು ನಿಂತಿದೆ.

ಆ ದಾರಿಯ ಬಸ್ಸುಗಳಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಷ್ಟೇ ಅಲ್ಲ, ಸುತ್ತಣ ಹಳ್ಳಿಗಳಿಂದ ಪ್ರೌಢಶಾಲೆಗೂ ಪದವಿಪೂರ್ವ ಕಾಲೇಜಿಗೂ ಹೋಗುವ ಹುಡುಗ ಹುಡುಗಿಯರೂ ಚೀಲ ಹೆಗಲಿಗೇರಿಸಿ ನಿಂತಿರುತ್ತಾರೆ. ಮುಂದೆ ಏನಾಗುವಿರಿ ಎಂದು ಅವರನ್ನು ಕೇಳಿದರೆ ಸಿಕ್ಕುವ ಉತ್ತರಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು: ಡಾಕ್ಟರು, ಇಂಜಿನಿಯರು, ಮಾಸ್ತರು, ಪೊಲೀಸು, ನರ್ಸು. ‘ಆಕ್ಯುಪೇಷನಲ್ ಥೆರಪಿಸ್ಟ್’ ಆಗುತ್ತೇನೆ ಎಂದು ಹೇಳುವ ಮಗು ಸಿಕ್ಕುವುದು ದುರ್ಲಭ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಹಾಗೆಂದರೇನು ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡಬಲ್ಲವರು ಬೆಂಗಳೂರು ಮೈಸೂರುಗಳ ವಿದ್ಯಾವಂತ ಮನೆತನಗಳಲ್ಲಿಯೂ ಅಪರೂಪವೇ. ಆದರೆ ನಗರದ ಮನೆಗೆ ಆ ಅರಿವು ಇಲ್ಲದಿದ್ದರೆ ಆಗುವ ನಷ್ಟ ಒಂದು ಬಗೆಯದು. ಆಳಂದ, ಅಫಜಲಪುರ, ಜೇವರ್ಗಿಗಳ ಮನೆಗೆ ಇಲ್ಲದಿದ್ದರೆ ಆಗುವ ನಷ್ಟ ಬೇರೊಂದು ಬಗೆಯದು.

ರೊಟ್ಟಿ ಬಡಿಯದ ಕೈ

ಜೇವರ್ಗಿ ತಾಲ್ಲೂಕಿನ ಯಾವುದೋ ಹಳ್ಳಿಯ ಐವತ್ತು ವಯಸ್ಸಿನ ಒಬ್ಬ ಗೃಹಿಣಿಯನ್ನು ವಾಚಕರು ಊಹಿಸಿಕೊಳ್ಳಲಿ. ಒಂದು ಮುಂಜಾನೆ ಆಕೆಗೆ ಲಕ್ವಾ ಹೊಡೆಯುತ್ತದೆ. ಬಲಗೈ ಬಲಗಾಲು ಬಿದ್ದುಹೋಗುತ್ತವೆ. ಮನೆಯವರು ಸಾಲ ಮಾಡಿ ಕಲಬುರಗಿಯ ದವಾಖಾನೆಗೆ ಸೇರಿಸುತ್ತಾರೆ. ವೈದ್ಯರು ಜೀವ ಉಳಿಸುತ್ತಾರೆ. ಫಿಜಿಯೋಥೆರಪಿಯವರು ಕಾಲಿಗೆ ಬಲ ತರಿಸಿ, ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವುದನ್ನು ಕಲಿಸುತ್ತಾರೆ. ಆಕೆ ಊರಿಗೆ ಮರಳುತ್ತಾಳೆ. ದವಾಖಾನೆಯ ಲೆಕ್ಕದಲ್ಲಿ ಇದೊಂದು ಗುಣವಾದ ರೋಗ.

ಮನೆಯ ಲೆಕ್ಕ ಬೇರೆ. ಆ ಸೀಮೆಯ ಅಡಿಗೆಮನೆಯಲ್ಲಿ ಹಗಲು ಹುಟ್ಟುವುದೇ ರೊಟ್ಟಿ ಬಡಿಯುವ ಸಪ್ಪಳದಿಂದ. ಮೂವತ್ತು ವರ್ಷ ಆ ಸಪ್ಪಳವನ್ನು ಎಬ್ಬಿಸಿದ ಕೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿದೆ. ಸೊಸೆ ಒಳ್ಳೆಯವಳು. “ನೀವು ಕುಂದರ್ರಿ ಅತ್ತಿ, ನಾ ಮಾಡ್ತೀನ್ರಿ” ಎನ್ನುತ್ತಾಳೆ. ಆ ಅಕ್ಕರೆಯ ಮಾತೇ ಮುದುಕಿಯಾಗದ ಆ ಹೆಂಗಸನ್ನು ಮುದುಕಿಯನ್ನಾಗಿ ಮಾಡುತ್ತದೆ. ತಿಂಗಳು ಕಳೆಯುವುದರೊಳಗೆ ಆಕೆ ಮಾತು ಕಡಿಮೆ ಮಾಡುತ್ತಾಳೆ. ಉಣ್ಣುವುದನ್ನು ಕಡಿಮೆ ಮಾಡುತ್ತಾಳೆ. ಕೋಲು ಗೋಡೆಗೆ ಒರಗಿಕೊಂಡೇ ಇರುತ್ತದೆ.

ಇಲ್ಲಿಂದ ಮುಂದಿನ ಕೆಲಸವೇ ಆಕ್ಯುಪೇಷನಲ್ ಥೆರಪಿಯದು. ಈ ವಿದ್ಯೆಯಲ್ಲಿ ಪಳಗಿದವರು ಮೊದಲು ಕೇಳುವುದು “ಎಲ್ಲಿ ನೋವು?” ಎಂದಲ್ಲ; “ಯಾವ ಕೆಲಸ ಮಾಡಬೇಕೆಂದು ನಿಮ್ಮ ಮನಸ್ಸಿಗಿದೆ? ಯಾವುದು ಆಗುತ್ತಿಲ್ಲ?” ಎಂದು. ಉತ್ತರ ರೊಟ್ಟಿ ಎಂದು ಬಂದರೆ, ರೊಟ್ಟಿಯನ್ನು ಒಂದು ಯಂತ್ರದಂತೆ ಬಿಡಿಬಿಡಿಯಾಗಿ ಬಿಚ್ಚಿ ನೋಡುತ್ತಾರೆ. ಬಿಸಿನೀರು ಹೊಯ್ದು ಹಿಟ್ಟು ನಾದುವುದಕ್ಕೆ ಭುಜದಿಂದ ಬೇಕಾಗುವ ಒತ್ತಡವೆಷ್ಟು, ಉಂಡೆ ಕಟ್ಟಲು ಬೆರಳುಗಳು ಎಷ್ಟು ಮಡಿಚಬೇಕು, ಬಡಿಯುತ್ತ ತಿರುಗಿಸುವಾಗ ಎರಡು ಕೈಗಳೂ ಬೇರೆ ಬೇರೆ ಕೆಲಸವನ್ನು ಒಂದೇ ಕಾಲಕ್ಕೆ ಹೇಗೆ ಮಾಡಬೇಕು, ಕಾದ ಹಂಚಿನ ಶಾಖವನ್ನು ಅರಿಯುವಷ್ಟು ಸ್ಪರ್ಶಜ್ಞಾನ ಅಂಗೈಯಲ್ಲಿ ಉಳಿದಿದೆಯೆ, ಒಂದಾದ ಮೇಲೆ ಒಂದು ಮಾಡಬೇಕಾದುದರ ಕ್ರಮ ನೆನಪಿನಲ್ಲಿದೆಯೆ, ಒಲೆಯ ಮುಂದೆ ಕುಳಿತು ಏಳುವುದು ಸಾಧ್ಯವೆ, ಹೀಗೆ. ಆಮೇಲೆ ಒಂದೊಂದಕ್ಕೂ ಉಪಾಯ. ರೊಟ್ಟಿ ಬಡಿಯುವ ಹಲಗೆ ಜಾರದಂತೆ ಕೆಳಗೆ ಒದ್ದೆಬಟ್ಟೆ. ಸೋತ ಕೈ ಬಡಿಯಲಾರದಿದ್ದರೂ ಒತ್ತಿ ಹಿಡಿಯಬಲ್ಲದು. ಆ ಕೆಲಸ ಅದಕ್ಕೆ. ಬೆರಳಿನಿಂದ ಮಗುಚುವುದಕ್ಕೆ ಬದಲು ಉದ್ದ ಹಿಡಿಯ ಸೌಟು. ಒಲೆಯನ್ನು ನೆಲದಿಂದ ಎತ್ತರಕ್ಕೆ ಏರಿಸಿ, ಆಕೆ ಕೂರಲು ಒಂದು ಗಟ್ಟಿಯಾದ ಪೀಠ. ಮೊದಲ ದಿನವೇ ಮನೆಮಂದಿಗೆಲ್ಲ ರೊಟ್ಟಿಯಲ್ಲ. ಮೊಮ್ಮಗನಿಗಾಗಿ ಅಂಗೈಯಗಲದ ಒಂದು.

ಫಿಜಿಯೋಥೆರಪಿಗೂ ಇದಕ್ಕೂ ಇರುವ ವ್ಯತ್ಯಾಸ ಇದರಿಂದ ವಾಚಕರಿಗೆ ಸ್ಪಷ್ಟವಾದೀತು. ಅದು ಅಂಗದ ಚಲನೆಯನ್ನು ತಿದ್ದುವ ವಿದ್ಯೆ; ಇದು ಆ ಅಂಗದಿಂದ ಬದುಕನ್ನು ನಡೆಸುವ ವಿದ್ಯೆ. ಎರಡೂ ಒಂದರ ಕೈಯನ್ನು ಒಂದು ಹಿಡಿದು ನಡೆಯಬೇಕಾದವು. ಪೆನ್ಸಿಲು ಹಿಡಿಯಲಾರದ ಮಗು, ಅಂಗಿಯ ಗುಂಡಿ ಹಾಕಿಕೊಳ್ಳಲಾರದ ಸಂಧಿವಾತದ ಅಜ್ಜ, ಸದ್ದು ಬೆಳಕುಗಳ ಗದ್ದಲವನ್ನು ತಾಳಲಾರದೆ ಕಿವಿ ಮುಚ್ಚಿ ಕೂರುವ ಆಟಿಸಂ ಇರುವ ಬಾಲಕ, ಮುಂಬಯಿಯ ಕಟ್ಟಡದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಕೂಲಿಗಾರ, ವರ್ಷಗಟ್ಟಲೆ ಮನೋರೋಗದಿಂದ ಬಳಲಿ ಹಲ್ಲುಜ್ಜುವ ಅಭ್ಯಾಸವನ್ನೂ ಕಳೆದುಕೊಂಡ ತರುಣ, ಇವರೆಲ್ಲರೂ ಈ ವಿದ್ಯೆಯ ಬಾಗಿಲಿಗೆ ಬರಬೇಕಾದವರು.

ಹೆಸರಿನ ತೊಡಕು

ಈ ವಿದ್ಯೆಗೆ ಕನ್ನಡದಲ್ಲಿ ಒಪ್ಪುವ ಹೆಸರು ಇನ್ನೂ ನಿಂತಿಲ್ಲ. ‘ಔದ್ಯೋಗಿಕ ಚಿಕಿತ್ಸೆ’ ಎಂಬ ಮಾತು ಬಳಕೆಯಲ್ಲಿದೆ. ಕೇಳಿದವರಿಗೆ ಕಾರ್ಖಾನೆಯ ನೆನಪಾಗುತ್ತದೆ. ‘ವೃತ್ತಿ ಚಿಕಿತ್ಸೆ’ ಎಂದರೆ ನೌಕರಿ ಕೊಡಿಸುವ ಕಚೇರಿಯೆಂಬ ಭ್ರಾಂತಿ. ಇಂಗ್ಲಿಷಿನಲ್ಲಿಯೂ ಇದೇ ತೊಡಕು ಉಂಟೆಂಬುದು ಒಂದು ಸಮಾಧಾನ. ಅಲ್ಲಿ ‘ಆಕ್ಯುಪೇಷನ್’ ಎಂದರೆ ಸಂಬಳದ ಕೆಲಸವಲ್ಲ, ಮನುಷ್ಯನು ತನ್ನ ಹೊತ್ತನ್ನು ಯಾವುದರಿಂದ ತುಂಬಿಕೊಳ್ಳುತ್ತಾನೋ ಅದು. ಸ್ನಾನವೂ ಅದೇ, ಆಟವೂ ಅದೇ, ಹೊಲದ ಕಳೆ ತೆಗೆಯುವುದೂ ಅದೇ.

ಈ ವಿಶಾಲಾರ್ಥವನ್ನು ಹೊರಬಲ್ಲ ಒಂದು ಮಾತು ಕಲ್ಯಾಣದ ನೆರೆಯ ಈ ನಾಡಿನಲ್ಲಿ ಎಂಟುನೂರು ವರ್ಷಗಳಿಂದ ಇದ್ದೇ ಇದೆ: ಕಾಯಕ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ ಇವರೆಲ್ಲ ಕೆಲಸದ ಹೆಸರನ್ನೇ ತಮ್ಮ ಹೆಸರಿನ ಮುಂದೆ ಧರಿಸಿದವರು. ‘ಕಾಯಕ ಚಿಕಿತ್ಸೆ’ ಎಂದು ಕರೆದರೆ ಚೆನ್ನಾಗಿಯೇ ಇದ್ದೀತು. ಆದರೆ ಆಯುರ್ವೇದದಲ್ಲಿ ‘ಕಾಯಚಿಕಿತ್ಸೆ’ ಎಂಬ ಒಂದು ಶಾಖೆ ಮೊದಲೇ ಉಂಟು. ಒಂದಕ್ಷರದ ಅಂತರದಲ್ಲಿ ರೋಗಿ ಬೇರೆ ಬಾಗಿಲಿಗೆ ಹೋಗಿ ನಿಂತಾನು. ಹೆಸರಿನ ಜಗಳವನ್ನು ಪಂಡಿತರಿಗೆ ಬಿಟ್ಟು, ಇಲ್ಲಿ ಜನ ಆಡುವ ಇಂಗ್ಲಿಷ್ ಮಾತನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಕೈಗೆಲಸದವರು ಕಟ್ಟಿದ್ದು

ಈ ವಿದ್ಯೆ ಹುಟ್ಟಿದ ಕಥೆ ಕುತೂಹಲಕರವಾಗಿದೆ. ಅಮೆರಿಕದಲ್ಲಿ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿಯಿದ್ದ. ಕ್ಷಯರೋಗಿ, ಎಡಗಾಲಿನ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು, ಅದರ ಬೆನ್ನಿಗೇ ಎಡಮೈ ಸ್ವಾಧೀನ ತಪ್ಪಿತು. ದವಾಖಾನೆಯ ಹಾಸಿಗೆಯ ಮೇಲೆ ಮಲಗಿ ಮಲಗಿ ಬೇಸತ್ತ ಆತ 1914ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಒಂದು ಮನೆ ಮಾಡಿ, ಬಡಗಿಯ ಕೆಲಸ, ತೋಟದ ಕೆಲಸಗಳಿಂದ ತನ್ನ ಮೈಯನ್ನು ತಾನೇ ಮರಳಿ ಪಳಗಿಸಿಕೊಂಡ. ಆ ಮನೆಗೆ ಸಾಂತ್ವನ ಗೃಹವೆಂಬ ಅರ್ಥದ ಹೆಸರಿಟ್ಟು ತನ್ನಂಥ ಇತರರನ್ನೂ ಕರೆದ. 1917ರ ಮಾರ್ಚ್ ತಿಂಗಳಲ್ಲಿ ಅದೇ ಮನೆಯಲ್ಲಿ ಆರು ಮಂದಿ ಕೂಡಿ ಈ ಚಿಕಿತ್ಸೆಯ ಪ್ರಚಾರಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಆ ಆರು ಮಂದಿಯಲ್ಲಿ ವೈದ್ಯನೆಂದರೆ ವಿಲಿಯಂ ಡಂಟನ್ ಒಬ್ಬನೇ. ಉಳಿದವರಲ್ಲಿ ಇಬ್ಬರು ಕಟ್ಟಡದ ನಕ್ಷೆ ಬರೆಯುತ್ತಿದ್ದವರು, ಒಬ್ಬಾಕೆ ಕರಕುಶಲ ಕಲೆಯ ಶಿಕ್ಷಕಿ. ಕೈಯ ಕೆಲಸವನ್ನು ಬಲ್ಲವರು ಕಟ್ಟಿದ ವಿದ್ಯೆ ಇದೆಂಬುದನ್ನು ಇಲ್ಲಿ ಗಮನಿಸಬೇಕು.

ಭಾರತಕ್ಕೆ ಇದನ್ನು ತಂದಾಕೆಯೂ ವೈದ್ಯೆಯಲ್ಲ. ಎಲಿಜಬೆತ್ ಲುಂಡಿ ಎಂಬ ಅಮೆರಿಕನ್ ಯುವತಿ ವಿಷ್ಣು ನಿಂಬಕರರನ್ನು ವರಿಸಿ, 1930ರಲ್ಲಿ ಭಾರತಕ್ಕೆ ಬಂದು ಕಮಲಾ ನಿಂಬಕರ ಎನಿಸಿಕೊಂಡರು. ಮುಂದೆ ತಾಯ್ನಾಡಿಗೆ ಮರಳಿ ಆಕ್ಯುಪೇಷನಲ್ ಥೆರಪಿಯನ್ನು ಅಭ್ಯಾಸ ಮಾಡಿಕೊಂಡು ಬಂದು, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆಯನ್ನು ತೆರೆದರು. ಏಷ್ಯಾ ಖಂಡದಲ್ಲಿಯೇ ಅದು ಮೊದಲನೆಯದೆಂದು ಹೆಸರಾಗಿದೆ. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಅದೇ ವರ್ಷ ಜಾಗತಿಕ ಒಕ್ಕೂಟವನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಅಂದರೆ ಈ ವಿದ್ಯೆ ನಮಗೆ ಹೊಸತಲ್ಲ. ಕಲಬುರಗಿಯ ಹಳ್ಳಿಗಳಿಂದ ಗಾರೆ ಕೆಲಸಕ್ಕೆ ಮುಂಬಯಿ ರೈಲು ಹತ್ತುವವರು ತಲೆಮಾರುಗಳಿಂದ ಅದೇ ಊರಿಗೆ ಹೋಗಿ ಬರುತ್ತಿದ್ದಾರೆ. ವಿದ್ಯೆಯೊಂದು ಮಾತ್ರ ಆ ರೈಲಿನಲ್ಲಿ ಮರಳಿ ಬರಲಿಲ್ಲ.

ವೆಲ್ಲೂರಿನ ಕಥೆಯೂ ಇದಕ್ಕೆ ಹತ್ತಿರದ್ದು. ಡಾಕ್ಟರ್ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1940ರ ದಶಕದ ಕೊನೆಯಲ್ಲಿ ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗದಿಂದ ಮುರುಟಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಲಾರಂಭಿಸಿದರು. ಬೆರಳು ಸವೆದುಹೋಗುವುದು ರೋಗ ತಿನ್ನುವುದರಿಂದಲ್ಲ, ನೋವಿನ ಅರಿವು ಅಳಿದ ಕೈ ಬಿಸಿ ಪಾತ್ರೆಯನ್ನೂ ಒರಟು ಹಿಡಿಯನ್ನೂ ಲೆಕ್ಕಿಸದೆ ಹಿಡಿಯುವುದರಿಂದ ಎಂದು ತೋರಿಸಿಕೊಟ್ಟವರು ಅವರು. ಬಿಡಿಸಿದ ಕೈಗೆ ಕೆಲಸ ಕಲಿಸದಿದ್ದರೆ ಶಸ್ತ್ರಚಿಕಿತ್ಸೆಯೇ ವ್ಯರ್ಥವೆಂದು ಅರಿತು, ರೋಗಿಗಳಿಗೆ ಮರಗೆಲಸ ಮುಂತಾದುವನ್ನು ಹೇಳಿಕೊಡುವ ಒಂದು ನೆಲೆಯನ್ನೂ ನಿರ್ಮಿಸಿದರು. ವೈದ್ಯಶಾಸ್ತ್ರಕ್ಕೆ ಬರುವ ಮೊದಲು ಬ್ರಾಂಡರು ಕಟ್ಟಡದ ಕೆಲಸವನ್ನೂ ಬಡಗಿತನವನ್ನೂ ಕಲಿತಿದ್ದರೆಂಬುದು ಬರಿಯ ಆಕಸ್ಮಿಕವೆನ್ನಲಾಗದು.

ಗಾಣಗಾಪುರದ ದಿನಚರಿ

ಕಡಗಂಚಿಯ ಸಾಯಂದೇವನ ಮಾತು ಬಂದುದರಿಂದ ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನೂ ನೆನೆಯಬೇಕು. ಭೀಮಾ ಅಮರಜಾ ನದಿಗಳ ಸಂಗಮದ ಬಳಿಯ ಆ ಕ್ಷೇತ್ರಕ್ಕೆ ಮನಸ್ಸು ಕೆಟ್ಟವರನ್ನು ಕರೆತರುವ ವಾಡಿಕೆ ಬಹುಕಾಲದ್ದು. ಬೇಸತ್ತ ಸಂಸಾರಗಳು ಅಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದು ಸೇವೆ ನಡೆಸುತ್ತವೆ. ಬೆಳಗಿನ ಸಂಗಮಸ್ನಾನ, ಔದುಂಬರ ವೃಕ್ಷದ ಪ್ರದಕ್ಷಿಣೆ, ಮಧ್ಯಾಹ್ನ ಮನೆಮನೆಗೆ ಹೋಗಿ ಬೇಡುವ ಮಧುಕರಿ, ಸಂಜೆಯ ಆರತಿ. ನಗರದ ಓದಿದವರು ಇದನ್ನು ಕಂಡು ಮೂಗು ಮುರಿಯುವುದುಂಟು. ಆದರೆ ತಾಳ್ಮೆಯಿಂದ ನೋಡಿದವರಿಗೆ ಇಲ್ಲೊಂದು ಸಂಗತಿ ಕಾಣದೆ ಇರದು. ಮನೆಯ ಮೂಲೆಯಲ್ಲಿ ಹಗಲಿರುಳು ಒಂದೇ ಆಗಿ ಬಿದ್ದಿದ್ದವನಿಗೆ ಇಲ್ಲಿ ಏಳುವ ಹೊತ್ತು, ಮೀಯುವ ಹೊತ್ತು, ನಡೆಯುವ ಹೊತ್ತು, ಉಣ್ಣುವ ಹೊತ್ತು ಎಂಬ ಕಟ್ಟಳೆ ಒದಗುತ್ತದೆ.

1917ರ ಆ ಆರು ಮಂದಿಯಲ್ಲಿ ಒಬ್ಬರಾದ ಎಲಿನಾರ್ ಸ್ಲೇಗಲ್, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ಅಡಾಲ್ಫ್ ಮೇಯರರ ಜೊತೆ ದುಡಿದವರು. ದೀರ್ಘಕಾಲದ ಮನೋರೋಗಿಗಳಿಗಾಗಿ ಆಕೆ ರೂಪಿಸಿದ ಕ್ರಮದ ಹೆಸರು ‘ಅಭ್ಯಾಸ ಶಿಕ್ಷಣ’. ಸ್ನಾನ, ಊಟ, ಕೆಲಸ, ಆಟ, ವಿಶ್ರಾಂತಿಗಳನ್ನು ಇಡೀ ದಿನಕ್ಕೆ ಹೊಂದಿಸಿ, ಕಳೆದುಹೋದ ದಿನಚರಿಯನ್ನು ಮತ್ತೆ ಮೈಗೂಡಿಸುವುದೇ ಅದರ ತಿರುಳು. ಗಾಣಗಾಪುರದ ಸೇವೆಯನ್ನೇ ಚಿಕಿತ್ಸೆಯೆಂದು ಹೇಳುವುದು ತಪ್ಪಾದೀತು. ವೈದ್ಯರ ಮಾತ್ರೆಯನ್ನು ನಿಲ್ಲಿಸಿ ಪ್ರದಕ್ಷಿಣೆಯೊಂದನ್ನೇ ನಂಬಿದವರು ಪಟ್ಟ ಪಾಡು ಸಣ್ಣದಲ್ಲ. ಆದರೆ ಆ ಊರಿನ ಪಕ್ಕದಲ್ಲಿ ಬೆಳೆದ ಹುಡುಗಿಯೊಬ್ಬಳು ಈ ವಿದ್ಯೆಯನ್ನು ಕಲಿತರೆ, ಮನೋರೋಗಿಯ ತಾಯಿಯ ಹತ್ತಿರ ಮಾತನ್ನು ಎಲ್ಲಿಂದ ಆರಂಭಿಸಬೇಕೆಂಬುದು ಅವಳಿಗೆ ಗೊತ್ತಿರುತ್ತದೆ. ದೂರದ ಊರಿನಿಂದ ಬಂದ ತಜ್ಞನಿಗೆ ಅದು ಗೊತ್ತಾಗುವಷ್ಟರಲ್ಲಿ ಆತನಿಗೆ ವರ್ಗವಾಗಿರುತ್ತದೆ!

ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದ ಮಧ್ಯದಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಹಳ್ಳಿಯಲ್ಲಿಯೇ ಔಷಧ ಸಿಗುವಂತೆ ಮಾಡಿದ ಆ ‘ಬಳ್ಳಾರಿ ಮಾದರಿ’ಯೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಊರಿನವರ ಕೈಗೆ ವಿದ್ಯೆ ಕೊಟ್ಟರೆ ಏನಾಗಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ. ಅಂದು ಹಳ್ಳಿಗೆ ಮಾತ್ರೆ ಬಂದಿತು. ಮಾತ್ರೆ ನುಂಗಿ ಗಲಭೆ ಅಡಗಿದ ಮೇಲೆ ಆ ಮನುಷ್ಯ ದಿನವಿಡೀ ಏನು ಮಾಡಬೇಕು ಎಂಬುದನ್ನು ಹೇಳಿಕೊಡುವವರು ಮಾತ್ರ ಬಹುಪಾಲು ಹಳ್ಳಿಗಳಿಗೆ ಇಂದಿಗೂ ಬಂದಿಲ್ಲ.

ಕಲಿಯಬೇಕಾದವರು ಯಾರು?

ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರ ವರದಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13 ಲಕ್ಷಕ್ಕೂ ಮಿಕ್ಕ ವಿಕಲಚೇತನರಿದ್ದರು. 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಮಾನ್ಯಮಾಡಿ, ಚಿಕಿತ್ಸೆ ಪುನರ್ವಸತಿಗಳು ಅವರ ಹಕ್ಕೆಂದು ಸಾರಿದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಕೈಯಿಂದ ನಡೆಸಿಕೊಡುವವರು ಬೇಕು.

ಹೊರಗಿನಿಂದ ತಜ್ಞರನ್ನು ಕರೆಸಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಈ ವಿದ್ಯೆಯ ಒಂದು ವಿಶೇಷವೆಂದರೆ, ರೋಗಿ ಯಾವ ಕೆಲಸಕ್ಕೆ ಮರಳಬೇಕೋ ಆ ಕೆಲಸವನ್ನು ಚಿಕಿತ್ಸಕನೂ ಬಲ್ಲವನಾಗಿರಬೇಕು. ಪಟ್ಟಣದ ಚಿಕಿತ್ಸಾಲಯಗಳಲ್ಲಿ ಬೆರಳಿನ ಅಭ್ಯಾಸಕ್ಕೆ ರಂಧ್ರಗಳ ಹಲಗೆಯೂ ಅದರಲ್ಲಿ ಸಿಕ್ಕಿಸುವ ಗೂಟಗಳೂ ಇರುತ್ತವೆ. ಒಳ್ಳೆಯ ಸಾಧನವೇ. ಆದರೆ ಎರಡೇ ಬೆರಳಿನಲ್ಲಿ ತೊಗರಿಬೇಳೆಯ ಕಲ್ಲು ಆರಿಸುವುದು, ಮೊರ ಹಿಡಿದು ಕೇರುವುದು, ಹಳೆಯ ಸೀರೆಯ ಪದರಗಳನ್ನು ಕೂಡಿಸಿ ಕೌದಿ ಹೊಲಿಯುವುದು ಇವುಗಳಿಗಿಂತ ಒಳ್ಳೆಯ ವ್ಯಾಯಾಮವನ್ನು ಯಾವ ಕಂಪನಿಯೂ ತಯಾರಿಸಿ ಮಾರಿಲ್ಲ. ಕೇರುವಾಗ ಮಣಿಕಟ್ಟು ಹೇಗೆ ತಿರುಗುತ್ತದೆ ಎಂಬುದನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ಅವ್ವನ ಪಕ್ಕದಲ್ಲಿ ಕುಳಿತು ಕೇರಿದ ಹುಡುಗಿಗೆ ಅದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕುಳಿತು ಬಳಸುವ ಪಾಯಿಖಾನೆ, ಬಾವಿಯ ಹಗ್ಗ, ಎತ್ತಿನ ಬಂಡಿಯ ಎತ್ತರ, ಒಂದೇ ಕೋಣೆಯ ಮನೆಯಲ್ಲಿ ಏಳು ಜನ ಮಲಗುವ ರೀತಿ ಇವೆಲ್ಲ ಅವಳಿಗೆ ಹುಟ್ಟಿನಿಂದ ಬಂದ ಪಾಠ. ಬಡತನ ತನಗೆ ಕೊಟ್ಟದ್ದು ಬರಿಯ ಕೊರತೆಯೆಂದೇ ತಿಳಿದುಕೊಂಡು ಬೆಳೆದ ಮಗುವಿಗೆ, ಅದೇ ತಿಳಿವಳಿಕೆಗೆ ಬೆಲೆಯುಳ್ಳ ಒಂದು ವಿದ್ಯೆ ಲೋಕದಲ್ಲಿದೆ ಎಂದು ಹೇಳುವವರು ಬೇಕಾಗಿದ್ದಾರೆ.

ಬೆಂಗಳೂರಿನಲ್ಲಿ ಇಂಥ ದಾರಿಯನ್ನು ತೋರಿಸಿದವರಿದ್ದಾರೆ. ಪೋಲಿಯೋದಿಂದ ತಾವೇ ಗಾಲಿಕುರ್ಚಿ ಹಿಡಿದಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ವಿಕಲಚೇತನರಿಗಾಗಿ ಸ್ಥಾಪಿಸಿದ ಸಂಸ್ಥೆ ದೊಡ್ಡ ಮರವಾಗಿ ಬೆಳೆಯಿತು. 1994ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಸಂಸ್ಥೆ, ಕೃತಕ ಕೈಕಾಲುಗಳ ತಯಾರಿಕೆಯನ್ನೂ ಪುನರ್ವಸತಿ ಸಹಾಯಕರ ಕೆಲಸವನ್ನೂ ಕಲಿಸುವಾಗ ಗ್ರಾಮಾಂತರದ ಹೆಣ್ಣುಮಕ್ಕಳಿಗೂ ವಿಕಲಚೇತನರಿಗೂ ಬಾಗಿಲು ತೆರೆಯಿತು. ಸಹಾಯಕರ ತರಬೇತಿ ಪೂರ್ಣ ಪದವಿಗೆ ಸಮವಲ್ಲ. ಆದರೂ ಆ ಬಾಗಿಲಿನಿಂದ ಒಳಹೊಕ್ಕವರು ಈ ಲೋಕ ಎಂಥದೆಂಬುದನ್ನು ಕಣ್ಣಾರೆ ಕಾಣುತ್ತಾರೆ.

ದಾರಿಯ ಕಲ್ಲುಮುಳ್ಳು

ಆಕ್ಯುಪೇಷನಲ್ ಥೆರಪಿಯ ಪದವಿ ನಾಲ್ಕು ವರ್ಷಕ್ಕೂ ಮಿಕ್ಕ ಓದು. ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ದುಡಿಯುವ ಅವಧಿಯೂ ಇದರಲ್ಲಿ ಸೇರಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. 2021ರಲ್ಲಿ ಸಂಸತ್ತು ಆರೋಗ್ಯಸಂಬಂಧಿ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿದಾಗ ಈ ವೃತ್ತಿಯನ್ನೂ ಅದರ ವ್ಯಾಪ್ತಿಗೆ ತಂದಿತು. ಆ ಆಯೋಗದ ಕೈಯಲ್ಲಿ ಪಠ್ಯಕ್ರಮವೂ ಪ್ರವೇಶದ ನಿಯಮಗಳೂ ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಮುಂದುವರಿಯಬೇಕು. ಹೋದ ವರ್ಷ ಸೇರಿದ ಅಣ್ಣನ ಮಾತು ಈ ವರ್ಷ ನಡೆಯದೆ ಹೋಗಬಹುದು.

ಎಲ್ಲಿ ಓದಬೇಕು? ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು ಮಣಿಪಾಲ. ಅಲ್ಲಿಯ ಶಿಕ್ಷಣದ ಮಟ್ಟ ಎತ್ತರದ್ದು, ಶುಲ್ಕವೂ ಎತ್ತರದ್ದು. ನಾಲ್ಕು ಎಕರೆ ಒಣಬೇಸಾಯದ ಮನೆಗೆ ಅದನ್ನು ಸುಲಭವೆಂದು ಹೇಳುವುದು ಅಪ್ರಾಮಾಣಿಕತೆ. ಕೇಂದ್ರ ಸರ್ಕಾರದ ಅಧೀನದ ರಾಷ್ಟ್ರೀಯ ಸಂಸ್ಥೆಗಳು ಇವೆ. ಒಡಿಶಾದ ಕಟಕ್ ಬಳಿಯ ಓಲಟಪುರದಲ್ಲಿ ಒಂದು, ಕೋಲ್ಕತ್ತದಲ್ಲಿ ಒಂದು, ದಿಲ್ಲಿಯಲ್ಲಿ ಒಂದು. ಸರ್ಕಾರಿ ಸಂಸ್ಥೆಗಳಾದುದರಿಂದ ಹೊರೆ ಹಗುರ. ಆದರೆ ದೂರ, ಭಾಷೆ, ಸ್ಪರ್ಧೆ ಎಂಬ ಮೂರು ಹೊಳೆಗಳನ್ನು ದಾಟಬೇಕು. ಕಡಗಂಚಿಯ ದಾರಿಯ ಮಕ್ಕಳಲ್ಲಿ ಬಹುಮಂದಿ ಅವುಗಳ ಹೆಸರನ್ನೇ ಕೇಳಿರಲಾರರು.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿ ಈ ಪ್ರದೇಶದ ಮಕ್ಕಳ ಕೈಗೆ ಒಂದು ಊರುಗೋಲನ್ನು ಕೊಟ್ಟಿದೆ. ಅದರ ಆಧಾರದ ಮೇಲೆ ಸ್ಥಳೀಯರಿಗೆ ಪ್ರದೇಶದೊಳಗಿನ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳ ಮೀಸಲು ದೊರೆಯಿತು. ಖಾಸಗಿಯ ಮಾನಿತ ವಿಶ್ವವಿದ್ಯಾಲಯಗಳ ಸೀಟಿಗೂ ಇದು ನಡೆಯುತ್ತದೆಂದು ಭಾವಿಸಿ ಹಣ ಕಟ್ಟಬಾರದು, ಮೊದಲೇ ವಿಚಾರಿಸಬೇಕು. ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿವೆ. ಅರ್ಹತಾ ಪತ್ರಗಳನ್ನು ಹೊತ್ತಿಗೆ ಮುಂಚೆ ಮಾಡಿಸಿಟ್ಟುಕೊಳ್ಳದೆ ಸೀಟು ಕಳೆದುಕೊಂಡವರ ಕಥೆ ಪ್ರತಿ ಊರಿನಲ್ಲಿಯೂ ಒಂದೊಂದು ಸಿಕ್ಕೀತು.

ಇನ್ನು ನೌಕರಿಯ ಮಾತು. ಇದನ್ನು ಸಿಹಿ ಹಚ್ಚಿ ಹೇಳುವುದು ಮಕ್ಕಳಿಗೆ ಮೋಸ ಮಾಡಿದಂತೆ. ಸರ್ಕಾರಿ ದವಾಖಾನೆಗಳಲ್ಲಿ ಈ ಹುದ್ದೆಗಳು ಬಹು ವಿರಳ. ಖಾಸಗಿ ಚಿಕಿತ್ಸಾಲಯಗಳು ದೊಡ್ಡ ನಗರಗಳಲ್ಲಿ ಗುಂಪುಗೂಡಿವೆ. ಆರಂಭದ ಸಂಬಳ ಹೇಳಿಕೊಳ್ಳುವಂಥದಲ್ಲ. ಚೆನ್ನಾಗಿ ಕಲಿತವರಲ್ಲಿ ಅನೇಕರು ಹೊರದೇಶಗಳಿಗೆ ಹೋಗುತ್ತಾರೆ. ಹೋಗುವವರನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಜೊತೆಗೆ ಮನೆಯ ಹಿರಿಯರ ಪ್ರಶ್ನೆ ಒಂದಿರುತ್ತದೆ: “ಹೆಸರಿಗೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಇದೆಂಥಾ ಓದು?” ಮಗಳ ಮದುವೆಯ ಮಾತುಕತೆಯಲ್ಲಿ ವಿವರಿಸಲು ಬಾರದ ಓದಿಗೆ ತಂದೆಯಾದವನು ಅಂಜುವುದು ಸಹಜವೇ. ಹುದ್ದೆಯಿಲ್ಲದ್ದರಿಂದ ಓದುವವರಿಲ್ಲ, ಓದಿದವರಿಲ್ಲದ್ದರಿಂದ ಹುದ್ದೆ ಕೇಳುವವರಿಲ್ಲ. ಬೀಸುಕಲ್ಲು ಹೀಗೆ ತಿರುಗುತ್ತಲೇ ಇದೆ. ಮೊದಲು ಯಾವ ಕಡೆಯಿಂದ ಕೈ ಹಾಕಬೇಕೆಂದರೆ, ಹುದ್ದೆಯನ್ನು ಸೃಷ್ಟಿಸುವ ಶಕ್ತಿ ಸರ್ಕಾರಕ್ಕೆ ಸೇರಿದ್ದು. ಮಕ್ಕಳಿಗೆ ಹೇಳುವ ಶಕ್ತಿಯಾದರೂ ಶಿಕ್ಷಕರಿಗಿದೆ.

ಒಂದು ಶನಿವಾರದ ಕೆಲಸ

ಹೇಳುವ ರೀತಿಯಲ್ಲಿಯೂ ವಿವೇಕ ಬೇಕು. ಸಭಾಭವನದಲ್ಲಿ ಮಕ್ಕಳನ್ನು ಕೂರಿಸಿ, ಪರದೆಯ ಮೇಲೆ ಕೋರ್ಸುಗಳ ಪಟ್ಟಿಯನ್ನು ಓಡಿಸಿದರೆ ಬಸ್ಸು ಹತ್ತುವ ಹೊತ್ತಿಗೆ ಅದು ಮರೆತಿರುತ್ತದೆ. ಅದರ ಬದಲು ಒಂದು ಸರಳವಾದ ಆಟವನ್ನು ಆಡಿಸಬಹುದು. ನಗರದ ವಾಚಕರು ತಮ್ಮ ಮನೆಯಲ್ಲಿಯೂ ಮಾಡಿ ನೋಡಬಹುದು. ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಅರ್ಧ ದಿನ ಕಳೆಯುವುದು. ಎಡಗೈಯೊಂದರಿಂದಲೇ ಅಂಗಿಯ ಗುಂಡಿ ಹಾಕಿ, ರೊಟ್ಟಿ ಮುರಿದು ಪಲ್ಯ ಹಚ್ಚಿ ಉಂಡು, ತಲೆ ಬಾಚಿ, ಒಂದು ಪುಟ ಬರೆದು ನೋಡುವುದು. ಮೊದಲ ಗಳಿಗೆಯಲ್ಲಿ ನಗೆ ಬರುತ್ತದೆ; ಎರಡನೆಯ ಗಳಿಗೆಯಲ್ಲಿ ಸಿಟ್ಟು; ಮೂರನೆಯದರಲ್ಲಿ ಮಕ್ಕಳು ತಾವಾಗಿಯೇ ಉಪಾಯ ಹುಡುಕತೊಡಗುತ್ತಾರೆ. ಒಬ್ಬ ತಟ್ಟೆಯನ್ನು ಗೋಡೆಗೆ ಒತ್ತಿಕೊಳ್ಳುತ್ತಾನೆ, ಇನ್ನೊಬ್ಬಳು ಕಾಗದದ ಮೇಲೆ ಕಲ್ಲಿಡುತ್ತಾಳೆ. ಆ ಕಲ್ಲಿಟ್ಟ ಹುಡುಗಿಗೆ, ನೀನು ಈಗ ಮಾಡಿದ್ದನ್ನೇ ಕಲಿಸುವ ಪದವಿಯೊಂದಿದೆ ಎಂದು ಹೇಳಿದರೆ ಸಾಕು.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ, ಸಮಾಜಕಾರ್ಯಗಳ ವಿಭಾಗಗಳಿವೆ. ಸುತ್ತಣ ಪ್ರೌಢಶಾಲೆಗಳ ಮಕ್ಕಳನ್ನು ವರ್ಷಕ್ಕೊಂದು ಶನಿವಾರ ತಮ್ಮ ಅಂಗಳಕ್ಕೆ ಕರೆಸಿ, ಮುಂಬಯಿಯಿಂದಲೋ ಮಣಿಪಾಲದಿಂದಲೋ ಒಬ್ಬ ಥೆರಪಿಸ್ಟರನ್ನು ಬರಮಾಡಿಕೊಳ್ಳುವುದು ಅಂಥ ಸಂಸ್ಥೆಗೆ ಹೊರೆಯಾಗಲಾರದು. ನಿಮ್ಹಾನ್ಸಿನ ಪುನರ್ವಸತಿ ವಿಭಾಗದಲ್ಲಿ ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರು ಬ್ರೆಡ್ಡು ಬಿಸ್ಕತ್ತು ತಯಾರಿಸುವ ಬೇಕರಿಯಿದೆ. ಬೆಂಗಳೂರಿಗೆ ಪ್ರವಾಸ ಬರುವ ಶಾಲೆಗಳು ವಿಧಾನಸೌಧ, ಲಾಲ್‌ಬಾಗುಗಳ ಜೊತೆಗೆ, ಅನುಮತಿ ಪಡೆದು ಅದನ್ನೂ ಒಂದು ಗಳಿಗೆ ನೋಡಿ ಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಈ ಮಾತನ್ನು ಎತ್ತಿದರೆ ಕಲಾ ವಿಭಾಗ ಸೇರಿದ ಮಗುವಿಗೆ ಬಾಗಿಲು ಮುಚ್ಚಿಹೋಗಿರುತ್ತದೆ. ವಿಜ್ಞಾನ ಕಾಲೇಜು ದೂರ, ಬಸ್ಸಿಲ್ಲ, ಇಂಗ್ಲಿಷು ಕಠಿಣ ಎಂಬ ಕಾರಣಗಳಿಂದ ಜಾಣ ಹುಡುಗಿಯರೇ ವಿಜ್ಞಾನವನ್ನು ಬಿಡುವುದು ಈ ತಾಲ್ಲೂಕುಗಳಲ್ಲಿ ಹೊಸತಲ್ಲ. ಆದುದರಿಂದ ಎಸ್.ಎಸ್.ಎಲ್.ಸಿ. ಓದುತ್ತಿರುವಾಗಲೇ ಹೇಳಬೇಕು, ಮಕ್ಕಳಿಗೆ ಮಾತ್ರವಲ್ಲ, ತಂದೆತಾಯಿಗಳಿಗೂ. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋದವರು ಮುಂಗಾರಿನ ಬಿತ್ತನೆಗೆಂದು ಊರಿಗೆ ಮರಳುವ ಹೊತ್ತೂ, ಕಾಲೇಜಿನ ಪ್ರವೇಶದ ಅರ್ಜಿ ತುಂಬುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಆ ಎರಡು ಮೂರು ವಾರ ಮನೆಯ ಯಜಮಾನ ಮನೆಯಲ್ಲಿ ಸಿಕ್ಕುತ್ತಾನೆ. ಮಾಸ್ತರು ಹೋಗಿ ಕಟ್ಟೆಯ ಮೇಲೆ ಕುಳಿತು ಮಾತಾಡಬೇಕಾದದ್ದು ಆಗ.